ಗಿರಾಕಿ ಕೇಳುವ ಪದ, ಅಂಗಡಿ ಬರೆಯುವ ಪದ: ಕೀವರ್ಡ್ ನಡೆದು ಬಂದ ದಾರಿ

ತಾಲ್ಲೂಕು ಪೇಟೆಯಲ್ಲಿ ವ್ಯಾಪಾರ ಮಾಡುವವರಿಗೆ ಈಗ ಒಂದು ಬಗೆಯ ಫೋನ್ ಕರೆ ತಪ್ಪಿದ್ದಲ್ಲ. "ಸಾರ್, ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತರ್ತೀವಿ. ನೂರು ಕೀವರ್ಡ್ ಹಾಕ್ತೀವಿ. ಗ್ಯಾರಂಟಿ." ಎಣ್ಣೆ ಗಾಣದವರು, ನರ್ಸರಿಯವರು, ಹೋಮ್‌ಸ್ಟೇಯವರು, ಸೀರೆ ಅಂಗಡಿಯವರು ಎಲ್ಲರೂ ಈ ಮಾತು ಕೇಳಿದವರೇ. ಕೇಳುವ ದುಡ್ಡು ಸಣ್ಣದಲ್ಲ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಕಂಪ್ಯೂಟರ್ ಓದಿರಬೇಕಾಗಿಲ್ಲ. ಕೀವರ್ಡ್ ಎಂಬುದು ಎಲ್ಲಿ ಹುಟ್ಟಿತು, ಎಷ್ಟು ದಿನ ಬೆಲೆ ಬಾಳಿತು, ಎಲ್ಲಿ ಬೆಲೆ ಕಳೆದುಕೊಂಡಿತು ಎಂಬ ಕತೆ ಗೊತ್ತಿದ್ದರೆ ಸಾಕು. ಆ ಕತೆಯನ್ನೇ ನಾವು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಕಾಗದ

ಅಂಗಡಿ ಹುಡುಕುವ ಪಟ್ಟಿ ಇಂಟರ್ನೆಟ್ಟಿಗಿಂತ ನೂರು ವರ್ಷ ಹಳೆಯದು. 1878ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಮೊದಲ ಟೆಲಿಫೋನ್ ಡೈರೆಕ್ಟರಿ ಬಂತು. ಅದು ಒಂದೇ ಒಂದು ಹಾಳೆ. ಅದರಲ್ಲಿದ್ದದ್ದು 50 ಹೆಸರು. ನಂಬರ್ ಇರಲಿಲ್ಲ; ಎಕ್ಸ್‌ಚೇಂಜಿನವರಿಗೆ ಹೆಸರು ಹೇಳಿದರೆ ಅವರೇ ಜೋಡಿಸಿಕೊಡುತ್ತಿದ್ದರು. 1883ರಲ್ಲಿ ವಯೋಮಿಂಗ್ ರಾಜ್ಯದ ಮುದ್ರಕರೊಬ್ಬರಿಗೆ ಬಿಳಿ ಕಾಗದ ಮುಗಿದು, ಹಳದಿ ಕಾಗದದಲ್ಲಿ ಅಚ್ಚು ಹಾಕಿದರು ಎಂಬ ಮಾತಿದೆ. ವ್ಯಾಪಾರಿಗಳ ಪಟ್ಟಿಗೆ 'ಯೆಲ್ಲೋ ಪೇಜಸ್' ಎಂಬ ಹೆಸರು ಬಿದ್ದದ್ದು ಹಾಗಂತೆ.

ಪಟ್ಟಿ ಬಂದ ಮೇಲೆ ಪಟ್ಟಿಯ ತಲೆಯಲ್ಲಿ ಕೂರುವ ಉಪಾಯವೂ ಬಂತು. ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿದ್ದವು. ನಲ್ಲಿ ರಿಪೇರಿಯವರನ್ನು ಹುಡುಕುವವರು ಮೇಲಿನ ಎರಡು ಮೂರು ಹೆಸರಿಗೆ ಫೋನ್ ಮಾಡಿ ಪುಸ್ತಕ ಮುಚ್ಚುತ್ತಿದ್ದರು. ಅದಕ್ಕೇ ಅಮೆರಿಕದ ಡೈರೆಕ್ಟರಿಗಳಲ್ಲಿ 'ಎಎಎ' ಎಂದು ಶುರುವಾಗುವ ಕಂಪನಿಗಳು ಸಾಲುಗಟ್ಟಿದವು. ಕೆಲಸ ಚೆನ್ನಾಗಿ ಮಾಡುವವನಿಗಿಂತ ಹೆಸರನ್ನು ಜಾಣತನದಿಂದ ಇಟ್ಟವನು ಮುಂದೆ ನಿಂತ. ಮುಂದಿನ ಕತೆಯಲ್ಲಿ ಮತ್ತೆ ಮತ್ತೆ ಕಾಣುವುದು ಇದೇ ಜಗ್ಗಾಟ.

ನಮ್ಮ ದೇಶದಲ್ಲಿ 1996ರಲ್ಲಿ ಶುರುವಾದ ಜಸ್ಟ್ ಡಯಲ್ ಇದೇ ಕೆಲಸವನ್ನು ಫೋನಿನಲ್ಲಿ ಮಾಡಿತು. ಅಂಗಡಿಯ ಹೆಸರು ಗೊತ್ತಿಲ್ಲದವರು ಫೋನ್ ಮಾಡಿ ತಮಗೆ ಬೇಕಾದ್ದನ್ನು ಹೇಳುತ್ತಿದ್ದರು; ಆ ಕಡೆಯವರು ವಿಳಾಸ ಕೊಡುತ್ತಿದ್ದರು. ಆ ಬೇಕಾದ್ದನ್ನು ಹೇಳುವ ಮಾತೇ ಕೀವರ್ಡ್.

ಯಂತ್ರ ಓದತೊಡಗಿದಾಗ

1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಅಲನ್ ಎಮ್ಟೇಜ್ 'ಆರ್ಚಿ' ಎಂಬುದನ್ನು ಕಟ್ಟಿದರು. ಅದು ಫೈಲುಗಳ ಹೆಸರನ್ನಷ್ಟೇ ಹುಡುಕುತ್ತಿತ್ತು. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ, ತಮಗೆ ಇಷ್ಟವಾದ ವೆಬ್‌ಸೈಟುಗಳ ಪಟ್ಟಿ ಮಾಡಿಟ್ಟರು. ಅದೇ ಯಾಹೂ ಆಯಿತು. ಅಲ್ಲಿ ಮನುಷ್ಯರೇ ಕೂತು ಸೈಟುಗಳನ್ನು ವಿಂಗಡಿಸುತ್ತಿದ್ದರು.

1995ರ ಡಿಸೆಂಬರ್‌ನಲ್ಲಿ ಬಂದ ಆಲ್ಟಾವಿಸ್ಟಾ ದಿಕ್ಕು ಬದಲಿಸಿತು. ಅದು ಪುಟದ ಎಲ್ಲ ಪದಗಳನ್ನೂ ಓದಿ ಸೂಚಿ ಮಾಡುತ್ತಿತ್ತು. ದಪ್ಪ ಪುಸ್ತಕದ ಕೊನೆಯಲ್ಲಿ 'ಈ ಪದ ಈ ಪುಟಗಳಲ್ಲಿದೆ' ಎಂಬ ಪಟ್ಟಿ ಇರುತ್ತದಲ್ಲ, ಅಂಥದ್ದು. ಆದರೆ ಪುಟ ಯಾವುದರ ಬಗ್ಗೆ ಎಂಬುದು ಯಂತ್ರಕ್ಕೆ ಹೊಳೆಯುತ್ತಿರಲಿಲ್ಲ. ಅದಕ್ಕಾಗಿ ವೆಬ್‌ಸೈಟಿನ ಒಡೆಯರೇ ತಮ್ಮ ಪುಟದ ವಿಷಯವನ್ನು ಒಂದು ಗುಪ್ತ ಸಾಲಿನಲ್ಲಿ ಬರೆದಿಡುವ ಪದ್ಧತಿ ಬಂತು. ಅದರ ಹೆಸರು ಮೆಟಾ ಕೀವರ್ಡ್. ಓದುವವರ ಕಣ್ಣಿಗೆ ಆ ಸಾಲು ಬೀಳುವುದಿಲ್ಲ, ಯಂತ್ರ ಮಾತ್ರ ಓದುತ್ತದೆ.

ಯಾರೂ ನೋಡದ ಕಡೆ ಏನು ಬರೆದರೂ ನಡೆಯುತ್ತದೆ ಎಂದಾಗ ಆಗುವುದೇ ಆಯಿತು. ಮಾರದ ಸರಕಿನ ಹೆಸರು, ಸಿನಿಮಾ ತಾರೆಯರ ಹೆಸರು, ಎದುರಾಳಿ ಅಂಗಡಿಯ ಹೆಸರು ಎಲ್ಲವೂ ಆ ಸಾಲಿಗೆ ಸೇರಿದವು. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದವರೂ ಇದ್ದರು.

ಜಗಳ ಕೋರ್ಟು ಮೆಟ್ಟಿಲೇರಿತು. 1999ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಬ್ರೂಕ್‌ಫೀಲ್ಡ್ ಎಂಬ ಕಂಪನಿಯ ದಾವೆಯಲ್ಲಿ ಕೊಟ್ಟ ಹೋಲಿಕೆ ಹಳ್ಳಿಯವರಿಗೂ ಅರ್ಥವಾಗುವಂಥದ್ದು. ಹೆದ್ದಾರಿಯಲ್ಲಿ ಒಬ್ಬ ವ್ಯಾಪಾರಿ ಬೋರ್ಡ್ ಹಾಕುತ್ತಾನೆ: ಎದುರಾಳಿಯ ಅಂಗಡಿ 7ನೇ ತಿರುವಿನಲ್ಲಿದೆ ಎಂದು. ನಿಜಕ್ಕೂ ಆ ಅಂಗಡಿ ಇರುವುದು 8ನೇ ತಿರುವಿನಲ್ಲಿ. 7ರಲ್ಲಿರುವುದು ಬೋರ್ಡ್ ಹಾಕಿದವನದೇ ಅಂಗಡಿ. ಗಿರಾಕಿ ಇಳಿದು ಹುಡುಕುತ್ತಾನೆ, ಸಿಗುವುದಿಲ್ಲ. ಮತ್ತೆ ರಸ್ತೆಗೆ ಹತ್ತುವ ಬದಲು ಕಣ್ಣಿಗೆ ಬಿದ್ದ ಅಂಗಡಿಗೇ ನುಗ್ಗುತ್ತಾನೆ. ಬೇರೆಯವರ ಹೆಸರನ್ನು ಕೀವರ್ಡ್ ಸಾಲಿನಲ್ಲಿ ಬರೆಯುವುದೂ ಇಂಥದ್ದೇ ಎಂದಿತು ನ್ಯಾಯಾಲಯ.

ಊರು ಹೇಳುವ ಮಾತು

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಕಂಪನಿ ತೆರೆದರು. ಅವರ ಯೋಚನೆ ಹೀಗಿತ್ತು: ಒಬ್ಬ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕಿಂತ ಅವನ ಬಗ್ಗೆ ಊರು ಏನು ಹೇಳುತ್ತದೆ ಎಂಬುದಕ್ಕೆ ತೂಕ ಜಾಸ್ತಿ. ಒಂದು ಪುಟಕ್ಕೆ ಬೇರೆ ಪುಟಗಳಿಂದ ಎಷ್ಟು ಕೊಂಡಿಗಳಿವೆ, ಕೊಂಡಿ ಕೊಟ್ಟವರು ಎಂಥವರು ಎಂದು ಎಣಿಸುವ ಈ ಲೆಕ್ಕಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರು.

ಅದೇ ವರ್ಷ ಗೋಟು ಎಂಬ ಕಂಪನಿ ಇನ್ನೊಂದು ದಾರಿ ತೆರೆಯಿತು. ಯಾವ ಪದಕ್ಕೆ ಯಾರು ಹೆಚ್ಚು ಹಣ ಕೊಡುತ್ತಾರೋ ಅವರ ಜಾಹೀರಾತು ಮೇಲೆ. ಎಪಿಎಂಸಿ ಹರಾಜಿನ ಹಾಗೆ ಪದಗಳ ಹರಾಜು. 2000ನೇ ಇಸವಿಯಲ್ಲಿ ಗೂಗಲ್ ಕೂಡ ಆಡ್‌ವರ್ಡ್ಸ್ ಹೆಸರಿನಲ್ಲಿ ಕೀವರ್ಡ್ ಜಾಹೀರಾತು ಶುರು ಮಾಡಿತು. ಅಲ್ಲಿಂದ ಫಲಿತಾಂಶದ ಪುಟಕ್ಕೆ ಎರಡು ಮುಖ. ಒಂದು ಹಣ ಕೊಟ್ಟ ಜಾಗ, ಇನ್ನೊಂದು ತಾನಾಗಿ ಬಂದ ಜಾಗ. ಹಣ ನಿಂತ ದಿನ ಮೊದಲನೆಯದು ಮಾಯ. 'ಮೊದಲ ಪುಟ ಗ್ಯಾರಂಟಿ' ಎನ್ನುವವರು ಈ ಎರಡರಲ್ಲಿ ಯಾವುದನ್ನು ಮಾರುತ್ತಿದ್ದಾರೆ ಎಂದು ಬಿಡಿಸಿ ಹೇಳುವುದು ಕಡಿಮೆ.

ಕೊಂಡಿಗೆ ಬೆಲೆ ಬಂದ ಕೂಡಲೇ ಕೊಂಡಿಗಳ ಮಾರಾಟ ಶುರುವಾಯಿತು. ಗೂಗಲ್ ಲೆಕ್ಕ ಬದಲಿಸುತ್ತಾ ಹೋಯಿತು. 2003ರ ನವೆಂಬರಿನ ಬದಲಾವಣೆಗೆ ಈ ವ್ಯವಹಾರದವರು 'ಫ್ಲೋರಿಡಾ' ಎಂದು ಹೆಸರಿಟ್ಟಿದ್ದಾರೆ. ಕ್ರಿಸ್‌ಮಸ್ ವ್ಯಾಪಾರ ಇನ್ನೇನು ಶುರು ಎನ್ನುವಾಗ ಎಷ್ಟೋ ಸಣ್ಣ ಅಂಗಡಿಗಳು ಫಲಿತಾಂಶದಿಂದ ಕಾಣೆಯಾದವು. ದೀಪಾವಳಿಗೆ ಹದಿನೈದು ದಿನವಿರುವಾಗ ಬಟ್ಟೆ ಅಂಗಡಿ ಮುಂದಿನ ರಸ್ತೆಯನ್ನೇ ಮುಚ್ಚಿದರೆ ಹೇಗಿರುತ್ತದೋ ಹಾಗೆ. ಅಡ್ಡದಾರಿ ಹಿಡಿದವರ ಜೊತೆ ತಪ್ಪು ಮಾಡದವರೂ ಪೆಟ್ಟು ತಿಂದರು.

ದೊಡ್ಡವರನ್ನೂ ಬಿಡಲಿಲ್ಲ. 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ವೆಬ್‌ಸೈಟ್ ಗೂಗಲ್‌ನಿಂದ ಕೆಲವು ದಿನ ಹೊರಬಿತ್ತು. 'ಹಳೆಯ ಕಾರು' ಎಂಬರ್ಥದ ಜರ್ಮನ್ ಪದವನ್ನು ತುಂಬಿದ ಪುಟಗಳನ್ನು ಯಂತ್ರಕ್ಕೆ ತೋರಿಸಿ, ಜನರಿಗೆ ಬೇರೆ ಪುಟ ತೋರಿಸುತ್ತಿದ್ದುದೇ ಕಾರಣ.

2009ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಬಹಿರಂಗವಾಗಿಯೇ ಹೇಳಿತು: ಸಾಮಾನ್ಯ ಹುಡುಕಾಟದಲ್ಲಿ ಮೆಟಾ ಕೀವರ್ಡ್ ಸಾಲನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 'ನೂರು ಕೀವರ್ಡ್ ಹಾಕ್ತೀವಿ' ಎನ್ನುವವರು ಆ ಗುಪ್ತ ಸಾಲಿನ ಬಗ್ಗೆ ಹೇಳುತ್ತಿದ್ದರೆ, ಅಂದೇ ಬೆಲೆ ಕಳೆದುಕೊಂಡ ನಾಣ್ಯವನ್ನು ಮಾರುತ್ತಿದ್ದಾರೆ ಎಂದೇ ಅರ್ಥ.

2011ರಲ್ಲಿ 'ಪಾಂಡಾ' ಬಂದು ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸಿತು. 2012ರಲ್ಲಿ 'ಪೆಂಗ್ವಿನ್' ಬಂದು ಕೊಂಡುಕೊಂಡ ಕೊಂಡಿಗಳ ಮೇಲೆ ಬಿತ್ತು. 2013ರ 'ಹಮ್ಮಿಂಗ್‌ಬರ್ಡ್' ಬಿಡಿ ಪದಗಳಿಗಿಂತ ಇಡೀ ಪ್ರಶ್ನೆಯ ಅರ್ಥ ಹಿಡಿಯುವತ್ತ ಹೆಜ್ಜೆ ಇಟ್ಟಿತು.

ಕನ್ನಡದ ಪದ ಕಾಣದ ಕಾಲ

ಇಷ್ಟೆಲ್ಲ ನಡೆಯುವಾಗ ಕನ್ನಡದ ಪಾಡೇ ಬೇರೆಯಿತ್ತು. ಬರಹ, ನುಡಿ ತಂತ್ರಾಂಶಗಳಿಂದ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಸುಲಭವಾಯಿತು, ಅದು ದೊಡ್ಡ ಉಪಕಾರ. ಆದರೆ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ನಮ್ಮ ಕಣ್ಣಿಗೆ 'ಬೆಲ್ಲ', ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಗೀಚು. ಹಾಗೆ ಬರೆದ ಪುಟ ಎಷ್ಟೇ ಚೆನ್ನಾಗಿರಲಿ, 'ಬೆಲ್ಲ' ಎಂದು ಹುಡುಕಿದವರಿಗೆ ಸಿಗುತ್ತಿರಲಿಲ್ಲ.

ಇದಕ್ಕೆ ಮದ್ದು ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಅಲ್ಲಿ ಜಾಗ ಸಿಕ್ಕಿತ್ತು. ಅದು ನಮ್ಮ ಕಂಪ್ಯೂಟರು, ಪತ್ರಿಕೆ, ಫೋನುಗಳಿಗೆ ಇಳಿದು ಬರಲು ವರ್ಷಗಳೇ ಹಿಡಿದವು. ಈಗ ನೀವು ಫೋನಿನಲ್ಲಿ ಓದುತ್ತಿರುವುದು ಯುನಿಕೋಡ್ ಕನ್ನಡವನ್ನೇ. ಆದರೆ ಹಳೆಯ ತೊಂದರೆ ಪೂರ್ತಿ ಹೋಗಿಲ್ಲ. ಡಿಟಿಪಿ ಕೇಂದ್ರದಲ್ಲಿ ಹಳೆಯ ಫಾಂಟಿನಲ್ಲಿ ಮಾಡಿಸಿದ ಕರಪತ್ರವನ್ನು ನಕಲು ಮಾಡಿ ವೆಬ್‌ಸೈಟಿಗೆ ಅಂಟಿಸಿದರೆ ಇವತ್ತಿಗೂ ಗೀಚೇ ಬರುತ್ತದೆ. ಕರಪತ್ರದ ಫೋಟೋವನ್ನಷ್ಟೇ ಹಾಕಿ ಸುಮ್ಮನಾದರೂ ಅಷ್ಟೇ: ಫೋಟೋದೊಳಗಿನ ಅಕ್ಷರವನ್ನು ನಂಬಿ ಕೂರುವಂತಿಲ್ಲ.

ಆಮೇಲೆ ಊರ ಹೆಸರಿನ ಗೊಂದಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಹಾಗೆ ಬದಲಾದವು. ಬೆಲ್ಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹೊರಗಿನ ಎಷ್ಟೋ ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಸಾಲದ್ದಕ್ಕೆ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. ಜಿಲ್ಲೆ, ತಾಲ್ಲೂಕು, ಹತ್ತಿರದ ಗುರುತು ಬರೆಯದ ಅಂಗಡಿಯ ವಿಳಾಸ ಎಲ್ಲಿಯದು ಎಂದು ಯಂತ್ರಕ್ಕಿರಲಿ, ಮನುಷ್ಯನಿಗೂ ತಿಳಿಯದು.

ಸರಕಿನ ಹೆಸರೂ ಹಾಗೇ. ಮೈಸೂರು ಕಡೆಯವರ ಕಡಲೆಕಾಯಿ ಧಾರವಾಡದವರಿಗೆ ಶೇಂಗಾ. ಗಾಣದ ಎಣ್ಣೆಯನ್ನು ನಗರದವರು 'ಕೋಲ್ಡ್ ಪ್ರೆಸ್ಡ್ ಆಯಿಲ್' ಎಂದು ಹುಡುಕುತ್ತಾರೆ. ಗಾಣದವರು ತಮ್ಮ ಪುಟದಲ್ಲಿ 'ಉತ್ಕೃಷ್ಟ ಗುಣಮಟ್ಟದ ಖಾದ್ಯ ತೈಲ' ಎಂದು ಬರೆದುಕೊಂಡಿದ್ದರೆ ಇಬ್ಬರಿಗೂ ಸಿಗುವುದಿಲ್ಲ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಧ್ವನಿಯ ಹುಡುಕಾಟ ತಂದ ಮೇಲೆ ಇದು ಇನ್ನೂ ಮುಖ್ಯ. ಬರೆಯಲು ಹಿಂಜರಿಯುವವರೂ ಈಗ ಫೋನಿಗೆ ಮಾತಿನಲ್ಲೇ ಕೇಳುತ್ತಾರೆ. ಕೇಳುವುದು ಮನೆಯ ಮಾತಿನಲ್ಲಿ, ಕರಪತ್ರದ ಭಾಷೆಯಲ್ಲಿ ಯಾರೂ ಕೇಳುವುದಿಲ್ಲ.

ಈಗ ನಿಂತಿರುವ ಜಾಗ

ಹತ್ತಿರದ ಅಂಗಡಿ ಹುಡುಕುವವರಿಗೆ ಈಗ ಮೊದಲು ಕಾಣುವುದು ಮ್ಯಾಪು ಮತ್ತು ಅದರ ಜೊತೆಗಿನ ಮೂರು ನಾಲ್ಕು ಹೆಸರು. ಆ ಪಟ್ಟಿಗೆ ತಾನು ಮೂರು ಸಂಗತಿ ನೋಡುತ್ತೇನೆಂದು ಗೂಗಲ್ಲೇ ಹೇಳಿದೆ: ಕೇಳಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ, ಕೇಳಿದವರಿಂದ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ದೂರವನ್ನು ಯಾವ ಏಜೆಂಟೂ ಕಡಿಮೆ ಮಾಡಲಾರ. ಹೊಂದಿಕೆ ನಮ್ಮ ಕೈಯಲ್ಲಿದೆ. ಹೆಸರು ಗಿರಾಕಿಗಳ ಕೈಯಲ್ಲಿದೆ.

ಮ್ಯಾಪಿನಲ್ಲಿ ಅಂಗಡಿ ಸೇರಿಸುವ ಸೌಲಭ್ಯ 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರು ಪಡೆದು, 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಆಗಿದೆ. ಇದಕ್ಕೆ ಶುಲ್ಕವಿಲ್ಲ. ಅಲ್ಲೂ 'ಎಎಎ' ಕಾಲದ ಚಾಳಿ ಕಾಣುತ್ತದೆ. ಅಂಗಡಿಯ ಹೆಸರು 'ಬಸವೇಶ್ವರ ಎಣ್ಣೆ ಗಾಣ' ಎಂದಿಟ್ಟುಕೊಳ್ಳಿ. ಅದನ್ನು 'ಬಸವೇಶ್ವರ ಎಣ್ಣೆ ಗಾಣ ಶೇಂಗಾ ಎಣ್ಣೆ ಕೊಬ್ಬರಿ ಎಣ್ಣೆ ಕಡಿಮೆ ಬೆಲೆ ಬೆಸ್ಟ್' ಎಂದು ಉದ್ದ ಮಾಡುವುದು ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು, ಮ್ಯಾಪಿನಿಂದ ಅಂಗಡಿಯೇ ಹೋಗಬಹುದು. ಬೋರ್ಡಿನ ಮೇಲಿನ ಹೆಸರೇ ಅಲ್ಲಿರಬೇಕು. ಸರಕಿನ ವಿವರಕ್ಕೆ ಬೇರೆ ಜಾಗವಿದೆ.

ಹಾಗಾದರೆ ಕೀವರ್ಡ್ ಸತ್ತಿತೇ? ಇಲ್ಲ. ಬಚ್ಚಿಡುವ ಕೀವರ್ಡ್ ಸತ್ತಿದೆ, ಮಾತಿನ ಕೀವರ್ಡ್ ಉಳಿದಿದೆ. ಒಂದು ವಾರ ಅಂಗಡಿಯಲ್ಲಿ ಕೂತು, ಬಂದವರು ಮತ್ತು ಫೋನ್ ಮಾಡಿದವರು ಬಳಸಿದ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. 'ಐದು ಲೀಟರ್ ಶೇಂಗಾ ಎಣ್ಣೆ ಎಷ್ಟು?', 'ನಮ್ಮ ಕಾಳು ತಂದರೆ ಹಿಂಡಿ ಕೊಡ್ತೀರಾ?', 'ಭಾನುವಾರ ತೆಗೆದಿರ್ತದಾ?' ಪುಟದ ಶೀರ್ಷಿಕೆಗೆ ಬೇಕಾದ ಪದ, ಪುಟದಲ್ಲಿ ಕೊಡಬೇಕಾದ ಉತ್ತರ ಎರಡೂ ಆ ಪಟ್ಟಿಯಲ್ಲೇ ಇರುತ್ತವೆ. ಅದನ್ನು ಯುನಿಕೋಡ್ ಕನ್ನಡದಲ್ಲಿ, ಬೇಕಿದ್ದರೆ ಇಂಗ್ಲಿಷಿನಲ್ಲೂ, ಸರಳವಾಗಿ ಒಂದು ಸಲ ಬರೆದರೆ ಸಾಕು. ಊರ ಹೆಸರು ಹಳೆಯದು ಹೊಸದು ಎರಡೂ ವಿಳಾಸದ ಜೊತೆ ಬರಲಿ.

ಇನ್ನು ಆ ಫೋನ್ ಕರೆ. ಮುಂದಿನ ಸಲ ಬಂದಾಗ ಮೂರು ಪ್ರಶ್ನೆ ಕೇಳಿ. ಜಾಹೀರಾತಿನ ಜಾಗವೋ, ತಾನಾಗಿ ಬರುವ ಜಾಗವೋ? ಕೀವರ್ಡನ್ನು ಜನರಿಗೆ ಕಾಣುವಂತೆ ಬರೆಯುತ್ತೀರೋ, ಬಚ್ಚಿಡುತ್ತೀರೋ? ಕೆಲಸ ಬಿಟ್ಟು ಹೋಗುವಾಗ ವೆಬ್‌ಸೈಟ್ ಮತ್ತು ಪ್ರೊಫೈಲಿನ ಪಾಸ್‌ವರ್ಡ್ ನನ್ನ ಕೈಗೆ ಕೊಡುತ್ತೀರೋ? ಮೊದಲ ಸ್ಥಾನವನ್ನು ಯಾರೂ ಖಾತ್ರಿಯಾಗಿ ಕೊಡಲಾರರು ಎಂದು ಗೂಗಲ್ ತನ್ನ ಸೂಚನೆಗಳಲ್ಲೇ ಬರೆದಿದೆ. ಈ ಕೆಲಸ ಚೆನ್ನಾಗಿ ಬಲ್ಲವರೂ ಇದ್ದಾರೆ, ಅವರು ಮೂರಕ್ಕೂ ನೇರ ಉತ್ತರ ಕೊಡುತ್ತಾರೆ. ತಡವರಿಸುವವರಿಗೆ ಕೊಡುವ ಹಣದಲ್ಲಿ ಅಂಗಡಿಗೆ ಒಂದು ಒಳ್ಳೆಯ ಬೋರ್ಡ್ ಬರೆಸಬಹುದು.