ಶುಶ್ರೂಷಾವಿದ್ಯೆಯ ಪ್ರವೇಶ: ಇಕ್ಕೇರಿ ಸೀಮೆಯನ್ನು ಕುರಿತು ಒಂದು ವಿಚಾರ

ರೋಗಿಯ ಆರೈಕೆಗೆ ನಮ್ಮಲ್ಲಿ ರೂಢವಾಗಿರುವ ‘ಶುಶ್ರೂಷೆ’ ಎಂಬ ಮಾತಿನ ಮೂಲಾರ್ಥವು ವಿಚಾರಯೋಗ್ಯವಾದುದು. ‘ಶ್ರು’ ಧಾತುವಿಗೆ ಇಚ್ಛಾರ್ಥಕ ಪ್ರತ್ಯಯವು ಸೇರಿ ಹುಟ್ಟಿದ ಈ ಶಬ್ದಕ್ಕೆ ಕೇಳಬೇಕೆಂಬ ಬಯಕೆ ಎಂಬುದೇ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಬಯಸುವವನು ಆತನ ಬಳಿಯಲ್ಲಿದ್ದು ಆತನ ಕೆಲಸಗಳನ್ನು ಮಾಡಬೇಕಾಗಿದ್ದುದರಿಂದ ಶಬ್ದವು ಸೇವೆಯೆಂಬ ಅರ್ಥವನ್ನು ತಳೆದು, ಕಡೆಗೆ ರೋಗಿಯ ಪರಿಚರ್ಯೆಗೆ ವಿಶೇಷವಾಗಿ ಸಂದಿತು. ಸೂಲಗಿತ್ತಿ ಎಂಬ ಅಚ್ಚಗನ್ನಡದ ಮಾತು ಹೆರಿಗೆಯೊಂದನ್ನೇ ಸೂಚಿಸುವುದು. ದಾದಿ ಎಂಬುದು ಹಾಲೂಡಿಸಿ ಸಾಕುವವಳ ಹೆಸರು. ನರ್ಸ್ ಎಂಬ ಪರಭಾಷೆಯ ಶಬ್ದದ ಮೂಲವೂ ಪೋಷಣಾರ್ಥದ್ದೇ. ಇವುಗಳಲ್ಲಿ ಶುಶ್ರೂಷೆಯೊಂದೇ ವಿದ್ಯಾರ್ಥಿಯ ಗುಣವನ್ನೂ ಪರಿಚಾರಕನ ಗುಣವನ್ನೂ ಒಮ್ಮೆಗೇ ಹೇಳತಕ್ಕ ಮಾತು. ಈ ವಿದ್ಯೆಗೆ ಪ್ರವೇಶವನ್ನು ಬಯಸುವವರಲ್ಲಿ ಆಯಾ ಕಾಲದವರು ಏನನ್ನು ಅಪೇಕ್ಷಿಸಿದರು, ಇಂದಿನ ಪರೀಕ್ಷೆಯು ಏನನ್ನು ಅಳೆಯುತ್ತಿದೆ ಎಂಬುದನ್ನು ಪ್ರಾಚೀನ ಇಕ್ಕೇರಿ ಸೀಮೆಯ, ಎಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ಪಾದವೊಂದಕ್ಕೆ ನಾಲ್ಕರಂತೆ ಗುಣಗಳನ್ನು ವಿಧಿಸುವಲ್ಲಿ, ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಎಂಬಿವು ಇರಬೇಕೆಂದು ಅಲ್ಲಿ ವಿಧಿಸಿದೆ. ಮೊದಲಿನೆರಡು ಕಲಿತು ಬರತಕ್ಕವು. ಉಳಿದೆರಡು ನಡತೆಗೆ ಸೇರಿದವು. ಅದೇ ಗ್ರಂಥದಲ್ಲಿ ಆತುರಾಲಯವನ್ನು ಅಣಿಮಾಡುವ ಕ್ರಮವನ್ನು ಹೇಳುವಾಗ, ಅನ್ನವನ್ನೂ ಬೇಳೆಯ ಸಾರನ್ನೂ ಬೇಯಿಸಬಲ್ಲ, ಮೀಯಿಸಬಲ್ಲ, ಮೈಯೊತ್ತಬಲ್ಲ, ರೋಗಿಯನ್ನು ಎತ್ತಿ ಕೂರಿಸಿ ಮಲಗಿಸಬಲ್ಲ, ಮದ್ದನ್ನು ಅರೆಯಬಲ್ಲ, ಯಾವ ಕೆಲಸಕ್ಕೂ ಬೇಸರಿಸದ ಪರಿಚಾರಕರನ್ನು ಇರಿಸಿಕೊಳ್ಳಬೇಕೆಂದಿದೆ. ಇಷ್ಟು ಸೂಕ್ಷ್ಮವಾಗಿ ಕೆಲಸಗಳನ್ನು ಎಣಿಸಿದವರು ಆ ವೃತ್ತಿಯನ್ನು ಹಗುರವೆಂದು ಭಾವಿಸಿರಲಾರರು.

ಹೀಗಿದ್ದರೂ ಪ್ರವೇಶದ ಪರೀಕ್ಷೆಯನ್ನು ಶಾಸ್ತ್ರವು ವಿಧಿಸಿದ್ದು ಪರಿಚಾರಕನಿಗಲ್ಲ, ವೈದ್ಯವಿದ್ಯಾರ್ಥಿಗೆ. ವಿಮಾನಸ್ಥಾನದಲ್ಲಿ ಶಿಷ್ಯನು ಶಾಸ್ತ್ರವನ್ನೂ ಆಚಾರ್ಯನನ್ನೂ ಪರೀಕ್ಷಿಸಿ ಆರಿಸಿಕೊಳ್ಳಬೇಕು. ಆಚಾರ್ಯನೂ ಶಿಷ್ಯನನ್ನು ಪರೀಕ್ಷಿಸಬೇಕು. ಪರೀಕ್ಷೆಯು ಎರಡು ಕಡೆಗೂ ಸಲ್ಲುವುದೆಂಬುದು ಗಮನಾರ್ಹವಾದ ಅಂಶ. ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸುಶ್ರುತಸಂಹಿತೆಯ ಶಿಷ್ಯೋಪನಯನ ಪ್ರಕರಣವು ವರ್ಣಗಳನ್ನು ಹೇಳಿಯೇ ಶಿಷ್ಯರನ್ನು ಆರಿಸುತ್ತದೆ. ಕುಲಗುಣಸಂಪನ್ನನಾದ ಶೂದ್ರನಿಗೆ ಮಂತ್ರವಿಲ್ಲದೆ ಕಲಿಸಬಹುದೆಂಬುದನ್ನು ಕೆಲವರ ಮತವೆಂದು ಮಾತ್ರ ಕಾಣಿಸುತ್ತದೆ. ಪ್ರಾಚೀನ ಕ್ರಮವನ್ನು ಹೊಗಳುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

ಇಕ್ಕೇರಿ ಸೀಮೆಗೆ ಬಂದರೆ, ಕೆಳದಿಯ ಬಸವಪ್ಪನಾಯಕನು ಕ್ರಿ. ಶ. 1709ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಮಹಾಕೋಶದಲ್ಲಿ ರಾಜನೀತಿ, ಶಿಲ್ಪ, ಸಂಗೀತಗಳೊಡನೆ ವೈದ್ಯಕ್ಕೂ ಸ್ಥಾನವಿರುವುದನ್ನು ವಿದ್ವಾಂಸರು ಬಲ್ಲರು. ವೈದ್ಯವು ಅರಸನಾದವನು ತಿಳಿಯತಕ್ಕ ವಿದ್ಯೆಗಳಲ್ಲಿ ಒಂದೆಂದು ಈ ನಾಡಿನಲ್ಲಿ ಎಣಿಸಿದ್ದರೆಂಬುದು ಇದರಿಂದ ಸ್ಪಷ್ಟವಾಗುವುದು. ಆದರೆ ಕಲಿಕೆಯ ಸಾಮಾನ್ಯ ರೀತಿಯು ಎಂತಹುದಿತ್ತೆಂಬುದಕ್ಕೆ ಇದಕ್ಕಿಂತಲೂ ಹಳೆಯ ಸಾಕ್ಷ್ಯವೊಂದಿದೆ. 1623ರ ನವೆಂಬರಿನಲ್ಲಿ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಸ್ ರಾಯಭಾರದೊಡನೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯು ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯ ಮೇಲೆ ನಾಲ್ವರು ಬಾಲಕರು ಲೆಕ್ಕವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದುದನ್ನು ಆತನು ವಿವರಿಸಿದ್ದಾನೆ. ಅಲ್ಲಿ ಉಪಾಧ್ಯಾಯನಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಕೇಳಿದಾಗ, ನಾಲ್ವರೂ ಒಂದೇ ಭಾಗವನ್ನು ಮರೆಯುವುದು ಸಾಧ್ಯವಿಲ್ಲವಾದುದರಿಂದ ಒಬ್ಬರಿಗೊಬ್ಬರು ಕಲಿಸುವೆವೆಂದು ಅವರು ಹೇಳಿದರಂತೆ. ಒಬ್ಬನು ಹೇಳುವುದನ್ನು ಮತ್ತೊಬ್ಬನು ಕೇಳುವುದೇ ಇಲ್ಲಿ ವಿದ್ಯೆಯ ಆಧಾರ. ಮೂಲಾರ್ಥದ ಶುಶ್ರೂಷೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಪರಿಚರ್ಯೆಯೇ ಪ್ರತ್ಯೇಕ ವಿದ್ಯೆಯಾಗಿ, ಅದಕ್ಕೆ ಪ್ರತ್ಯೇಕ ಶಾಲೆಯೂ ಪ್ರವೇಶನಿಯಮವೂ ಏರ್ಪಟ್ಟದ್ದು ಆಧುನಿಕ ಕಾಲದಲ್ಲಿ. 1860ರಲ್ಲಿ ಲಂಡನ್ನಿನ ಸಂತ ತಾಮಸರ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ಶಾಲೆಯು ಆರಂಭವಾದಾಗ, ವಿದ್ಯಾರ್ಥಿನಿಯರ ಕೌಶಲವನ್ನಲ್ಲದೆ ಹೊತ್ತಿಗೆ ಬರುವುದು, ಶಾಂತತೆ, ವಿಶ್ವಾಸಾರ್ಹತೆ, ಮೈಬಟ್ಟೆಗಳ ಶುಚಿ ಮುಂತಾದುವನ್ನೂ ತಿಂಗಳು ತಿಂಗಳಿಗೂ ಪಟ್ಟಿಯಲ್ಲಿ ಗುರುತಿಸುತ್ತಿದ್ದರು. ಚರಕನ ನಾಲ್ಕು ಗುಣಗಳನ್ನು ಈ ಪಟ್ಟಿಯೊಡನೆ ಇಟ್ಟು ನೋಡಿದರೆ, ಪರಸ್ಪರ ಪರಿಚಯವಿಲ್ಲದ ಎರಡು ಪರಂಪರೆಗಳು ಒಂದೇ ನಿರ್ಣಯಕ್ಕೆ ಬಂದುದು ಕಾಣುತ್ತದೆ. ಭಾರತದಲ್ಲಿ ಈ ವಿದ್ಯೆಯು ವಿಶ್ವವಿದ್ಯಾಲಯದ ಪದವಿಯಾದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ. ಅದೇ ವರ್ಷ ಹೊರಬಂದ ಭೋರ್ ಸಮಿತಿಯ ವರದಿಯಂತೆ ದೇಶದಲ್ಲಿದ್ದ ಶುಶ್ರೂಷಕಿಯರ ಸಂಖ್ಯೆ ಸುಮಾರು 7,000. ಎಂದರೆ 43,000 ಜನರಿಗೆ ಒಬ್ಬಳು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾನೂನು ಬಂದಿತು. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಕರ್ನಾಟಕದ ನರ್ಸಿಂಗ್ ಕಾಲೇಜುಗಳು ಪದವಿಯನ್ನು ನೀಡುತ್ತಿವೆ.

ಇನ್ನು ಇಂದಿನ ಪ್ರವೇಶಕ್ರಮ. ಪರಿಷತ್ತು 2021ರಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ ಅಭ್ಯರ್ಥಿಗೆ 17 ವರ್ಷ ತುಂಬಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷನ್ನು ಓದಿ ಶೇಕಡ 45 ಅಂಕಗಳನ್ನು ಪಡೆದಿರಬೇಕು. ಪ್ರವೇಶಪರೀಕ್ಷೆಗೆ ಹೇಳಿದ 100 ಅಂಕಗಳನ್ನು ಈ ನಾಲ್ಕು ವಿಷಯಗಳಿಗೂ ಶುಶ್ರೂಷೆಯ ಅಭಿರುಚಿಗೂ ತಲಾ 20ರಂತೆ ಹಂಚಲಾಗಿದೆ. ಐದರಲ್ಲೊಂದು ಪಾಲಾದರೂ ಚರಕನ ಅನುರಾಗದ ಕಡೆಗೆ ಮುಖಮಾಡಿದೆಯೆನ್ನಬಹುದು. ಕರ್ನಾಟಕದಲ್ಲಾದರೋ 2023ರಿಂದ ಈ ಪದವಿಯ ಪ್ರವೇಶವು ಸಾಮಾನ್ಯ ಪ್ರವೇಶ ಪರೀಕ್ಷೆಗೆ ಸೇರಿತು. ಅದರಲ್ಲಿ ವಿಜ್ಞಾನದ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಅಭಿರುಚಿಯ ಭಾಗವಿಲ್ಲ. ಕನ್ನಡದ ಪರೀಕ್ಷೆಯು ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಮಾತ್ರ. ಅದರ ಅಂಕಗಳು ರ‍್ಯಾಂಕಿಗೆ ಸೇರವು.

ಈ ಪರೀಕ್ಷೆಯ ಗುಣವನ್ನು ಮೊದಲು ಒಪ್ಪಬೇಕು. ಅದು ಕುಲವನ್ನು ನೋಡಿ ಯಾರನ್ನೂ ಹೊರಗಿಡುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಹತ್ತು ವರ್ಷ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೂ ಸರ್ಕಾರಿ ಸೀಟುಗಳಲ್ಲಿ ಮೀಸಲಾತಿಯುಂಟು. ಇದಕ್ಕಾಗಿ ಕ್ಷೇತ್ರಶಿಕ್ಷಣಾಧಿಕಾರಿಯ ಮೇಲುರುಜುವುಳ್ಳ ವ್ಯಾಸಂಗ ಪ್ರಮಾಣಪತ್ರವನ್ನು ತರಬೇಕು. ಹೊಸನಗರದ ಒಳಹಳ್ಳಿಯ ಹುಡುಗಿಗೆ ಈ ಒಂದು ಕಾಗದವು ಎಷ್ಟೋ ಅಂಕಗಳಷ್ಟು ಬೆಲೆಯುಳ್ಳದ್ದು. ಆದುದರಿಂದ ಅರ್ಜಿಯ ಸಿದ್ಧತೆಯೂ ಓದಿನ ಸಿದ್ಧತೆಯಷ್ಟೇ ಮುಖ್ಯವೆಂದು ಅಧ್ಯಾಪಕರು ತಿಳಿಯಹೇಳುವುದು ಯುಕ್ತ.

ಈ ಸೀಮೆಯಲ್ಲಿ ಸಿದ್ಧತೆಯ ಕಾಲಕ್ಕೂ ಒಂದು ವಿಶೇಷವುಂಟು. ಪದವಿಪೂರ್ವ ಪರೀಕ್ಷೆಯು ಸಾಮಾನ್ಯವಾಗಿ ಮಾರ್ಚಿಯಲ್ಲಿ, ಪ್ರವೇಶಪರೀಕ್ಷೆಯು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ನಡೆಯುವುವು. ಮಂಗನ ಕಾಯಿಲೆಯು ಮಲೆನಾಡಿನಲ್ಲಿ ಹಬ್ಬುವ ಕಾಲವೂ ಡಿಸೆಂಬರಿನಿಂದ ಮೇವರೆಗಿನದೇ. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ರೋಗವು ಉಣುಗಿನ ಕಡಿತದಿಂದ ಹರಡುವುದು. 2018-19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಅನೇಕ ಪ್ರಾಣಗಳನ್ನು ತೆಗೆದುಕೊಂಡಿತು. ಇದನ್ನು ನೇರವಾಗಿ ಗುಣಪಡಿಸುವ ಮದ್ದಿಲ್ಲ. ದೇಹದ ನೀರು ಬತ್ತದಂತೆ ನೋಡುವುದು, ಜ್ವರವನ್ನೂ ರಕ್ತಸ್ರಾವವನ್ನೂ ಹಗಲಿರುಳು ಗಮನಿಸುವುದು, ಇವೇ ಚಿಕಿತ್ಸೆ. ನಾಲ್ಕು ಪಾದಗಳಲ್ಲಿ ಔಷಧವೆಂಬ ಪಾದವು ಕುಂಟಿದಲ್ಲಿ ಪರಿಚಾರಕನ ಪಾದವೇ ಭಾರವನ್ನು ಹೊರಬೇಕಾಗುವುದೆಂಬುದಕ್ಕೆ ಇದೇ ಪ್ರಮಾಣ. ಮನೆಯಲ್ಲಿ ಜ್ವರದವರನ್ನು ನೋಡಿಕೊಳ್ಳುತ್ತಲೇ ಪರೀಕ್ಷೆಗೆ ಓದಬೇಕಾದ ವಿದ್ಯಾರ್ಥಿನಿಯು ಆ ವಿದ್ಯೆಯ ಅರ್ಧವನ್ನು ಆಗಲೇ ಕಲಿಯುತ್ತಿರುವಳು; ಆದರೆ ಆ ಅರ್ಧಕ್ಕೆ ಅಂಕವಿಲ್ಲ, ಅದು ಕಸಿದ ಹೊತ್ತಿಗೆ ಪರಿಹಾರವೂ ಇಲ್ಲ.

ಭಾಷೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಈ ಪದವಿಯ ಬೋಧನೆ ಇಂಗ್ಲಿಷಿನಲ್ಲಿ. ರೋಗಿಯು ನೋವನ್ನು ಹೇಳಿಕೊಳ್ಳುವುದು ತನ್ನ ಊರಿನ ಕನ್ನಡದಲ್ಲಿ. ಸಂಕಟ, ಉರಿ, ಸೆಳೆತ, ಜೋಮು ಎಂಬ ಮಾತುಗಳ ಭೇದವನ್ನು ಅರಿಯದೆ ಬರೆದುಕೊಂಡ ರೋಗವೃತ್ತಾಂತವು ವೈದ್ಯನನ್ನು ದಾರಿತಪ್ಪಿಸಬಲ್ಲದು. ಅನುರಾಗವನ್ನು ಪ್ರಶ್ನಪತ್ರಿಕೆಯಲ್ಲಿ ಅಳೆಯಲಾಗದೆಂಬ ಆಕ್ಷೇಪವು ಸರಿಯೇ. ಸಂದರ್ಶನದಲ್ಲಿ ಅಳೆಯಹೊರಟರೆ ಪಕ್ಷಪಾತಕ್ಕೆ ಎಡೆಯಾಗುವುದೆಂಬುದೂ ಸರಿಯೇ. ಆದರೆ ರೋಗಿಯ ಹೇಳಿಕೆಯೊಂದನ್ನು ಕೇಳಿ, ಅದರ ಸಾರವನ್ನು ಎರಡು ಭಾಷೆಗಳಲ್ಲಿಯೂ ತಪ್ಪಿಲ್ಲದೆ ಬರೆಯಿರೆಂಬ ಪ್ರಶ್ನೆಯನ್ನು ಹಾಕುವುದು ಅಸಾಧ್ಯವಲ್ಲ. ಅದನ್ನು ಪಕ್ಷಪಾತವಿಲ್ಲದೆ ತಿದ್ದುವುದೂ ಸಾಧ್ಯ. ಅಂತಹ ಪ್ರಶ್ನೆಯು ಬರುವವರೆಗೂ ಆ ಅಭ್ಯಾಸವನ್ನು ಮಾಡಿಸುವ ಹೊಣೆಯು ಪದವಿಪೂರ್ವ ತರಗತಿಗಳ ಭಾಷಾಧ್ಯಾಪಕರದು. ವಿಜ್ಞಾನವು ಕಲಿಸುವ ಅರಿವಿಗೂ ಶಾಸ್ತ್ರವು ಬೇಡುವ ಅನುರಾಗಕ್ಕೂ ನಡುವಿನ ಸೇತುವೆಯು ಕೇಳುವ ಶಕ್ತಿಯೇ ಆಗಿದೆ. ಅದನ್ನು ಬೆಳಸಬಲ್ಲವರಲ್ಲಿ ಸಾಹಿತ್ಯವನ್ನು ಕಲಿಸುವವರು ಮೊದಲಿಗರು.