ಗ್ರಂಥಭಂಡಾರವೂ ವಿದ್ಯಾರ್ಥಿಯೂ

ಗ್ರಂಥಭಂಡಾರವೆಂದರೆ ಪುಸ್ತಕಗಳನ್ನು ಕಾಪಾಡುವ ಸ್ಥಳವೆಂಬ ಭಾವನೆ ಬಹು ಹಳೆಯದು. ಮಧ್ಯಯುಗದ ಯೂರೋಪಿನಲ್ಲಿ ಗ್ರಂಥಗಳನ್ನು ಸರಪಣಿಯಿಂದ ಬಿಗಿಯುತ್ತಿದ್ದುದುಂಟು. ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದ ಆ ಕಾಲಕ್ಕೆ ಅಂತಹ ಎಚ್ಚರ ಸಹಜವೇ. ಆದರೆ ಅಚ್ಚಿನ ಯಂತ್ರ ಬಂದು ಪುಸ್ತಕವು ಸುಲಭವಾದ ಮೇಲೂ ಕಪಾಟಿನ ಬೀಗ ಬಹುಕಾಲ ಹಾಗೆಯೇ ಉಳಿಯಿತು.

ನಮ್ಮ ದೇಶದಲ್ಲಿ ಈ ಬೀಗವನ್ನು ತೆಗೆಯಲೆಳಸಿದವರಲ್ಲಿ ಬರೋಡಾ ಸಂಸ್ಥಾನದ ಸಯಾಜಿರಾವ್ ಗಾಯಕವಾಡರು ಅಗ್ರಗಣ್ಯರು. ಅವರು ಅಮೆರಿಕದಿಂದ ಬೋರ್ಡೆನ್ ಎಂಬ ತಜ್ಞರನ್ನು ಕರೆಯಿಸಿಕೊಂಡರು. 1911ರಲ್ಲಿ ಗ್ರಂಥಪಾಲಕರ ಶಿಕ್ಷಣಕ್ಕಾಗಿ ಅಲ್ಲಿ ಒಂದು ತರಗತಿ ಏರ್ಪಟ್ಟಿತು. ಮದರಾಸಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಇಂಗ್ಲೆಂಡಿನ ಭಂಡಾರಗಳನ್ನು ನೋಡಿ ಬಂದ ಅವರು, ಓದುಗನು ತಾನೇ ಕಪಾಟಿನ ಮುಂದೆ ನಿಂತು ಪುಸ್ತಕವನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಮದರಾಸಿನಲ್ಲಿ ಆಚರಣೆಗೆ ತಂದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ತಿರುಳು ಇಷ್ಟೆ: ಗ್ರಂಥವಿರುವುದು ಬಳಕೆಗಾಗಿ; ಗ್ರಂಥವನ್ನೂ ಓದುಗನನ್ನೂ ಕೂಡಿಸುವುದೇ ಬೆಳೆಯುತ್ತಿರುವ ಭಂಡಾರದ ಧರ್ಮ.

ಆದರೆ ಬಾಗಿಲು ತೆರೆದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಾವಿರಾರು ಪುಸ್ತಕಗಳ ನಡುವೆ ನಿಂತ ವಿದ್ಯಾರ್ಥಿ ಪರಸ್ಥಳದ ಸಂತೆಯಲ್ಲಿ ನಿಂತವನಂತೆ ಬೆದರುವನು. ಅವನಿಗೆ ದಾರಿಯನ್ನು ನಾವು ಕಲಿಸಬೇಕು. ವಿಜಯನಗರದ ಚರಿತ್ರೆಯನ್ನು ಅರಸಿ ಬಂದವನಿಗೆ ಗ್ರಂಥಕರ್ತನ ಹೆಸರು ತಿಳಿದಿದ್ದರೆ ಅದರಿಂದ, ಇಲ್ಲದಿದ್ದರೆ ಗ್ರಂಥದ ಹೆಸರಿನಿಂದ, ಎರಡೂ ತಿಳಿಯದಿದ್ದರೆ ವಿಷಯದಿಂದ ಪಟ್ಟಿಯಲ್ಲಿ ಹುಡುಕಬಹುದು. ಅಲ್ಲಿ ದೊರೆತ ಸಂಖ್ಯೆಯನ್ನು ಹಿಡಿದು ಕಪಾಟಿಗೆ ಹೋದರೆ ಅದೇ ವಿಷಯದ ಇತರ ಪುಸ್ತಕಗಳೂ ಪಕ್ಕದಲ್ಲಿಯೇ ಕಾಣುವುವು. 1900ರಲ್ಲಿ ಪ್ರಕಟವಾದ ರಾಬರ್ಟ್ ಸೀವೆಲರ ಗ್ರಂಥವು ಕೈಗೆ ಬಂದಿತೆನ್ನೋಣ. ಅದರ ಹಿಂಭಾಗದಲ್ಲಿ ಪಾಯೆಸ್, ನೂನಿಜ್ ಎಂಬ ಪೋರ್ಚುಗೀಸರ ವೃತ್ತಾಂತಗಳ ಅನುವಾದವಿದೆ. ವಿದ್ಯಾರ್ಥಿಯು ಗ್ರಂಥಕರ್ತನ ಮಾತನ್ನು ಅದಕ್ಕೆ ಆಧಾರವಾದ ಸಾಕ್ಷ್ಯದೊಡನೆ ತಾನೇ ಹೋಲಿಸಿ ನೋಡಬಹುದು. ಉಪಾಧ್ಯಾಯರು ಬರೆಯಿಸಿದ ಟಿಪ್ಪಣಿಯನ್ನೂ ಅದೇ ಒರೆಗಲ್ಲಿಗೆ ಹಚ್ಚಬಹುದು. ಬಾಯಿಪಾಠವು ಬಿಟ್ಟು ವಿಚಾರವು ಹುಟ್ಟುವುದು ಈ ಘಟ್ಟದಲ್ಲಿಯೇ.

ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಭಂಡಾರಶಾಸ್ತ್ರದ ಸಂಶೋಧನಾಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ತೀರಿಕೊಂಡರು. ಇಂದು ಪಟ್ಟಿಯ ಚೀಟಿಗಳಿದ್ದೆಡೆ ಕಂಪ್ಯೂಟರು ಬಂದಿದೆ. ಹುಡುಕುವ ವೇಗ ಹೆಚ್ಚಿದೆ. ಏನನ್ನು ಹುಡುಕಬೇಕು, ದೊರೆತುದನ್ನು ಎಷ್ಟು ನಂಬಬೇಕು ಎಂಬ ವಿವೇಕವನ್ನು ಮಾತ್ರ ಯಂತ್ರವು ಕೊಡಲಾರದು. ಅದನ್ನು ಕಲಿಸುವ ಹೊಣೆ ನಮ್ಮದು.