ಎತ್ತಿನ ಕೂರಿಗೆಯಿಂದ ಟ್ರ್ಯಾಕ್ಟರಿನ ಕೂರಿಗೆಗೆ

ಇಬ್ರಾಹಿಂಪುರವು ಈಗ ವಿಜಯಪುರ ನಗರದೊಳಗೇ ಸೇರಿಹೋಗಿದೆ. ಅಲ್ಲಿಯೂ ನಗರದ ಉಳಿದ ಓಣಿಗಳಲ್ಲಿಯೂ ಮನೆಮಾಡಿಕೊಂಡಿರುವ ತಮಗೆ ಟ್ರ್ಯಾಕ್ಟರಿನ ಸದ್ದು ಹೊಸತಲ್ಲ. ಕಲ್ಲು, ಇಟ್ಟಿಗೆ, ಕಬ್ಬು ಹೇರಿಕೊಂಡು ಅದು ರಸ್ತೆಯಲ್ಲಿ ಸಾಗುವುದನ್ನು ದಿನವೂ ಕಾಣುತ್ತೀರಿ. ಅದು ಹೊಲಕ್ಕಿಳಿದು ಯಾವ ಯಾವ ಕೆಲಸವನ್ನು ಕೈಗೆತ್ತಿಕೊಂಡಿತೆಂಬುದು ಈ ಸೀಮೆಯ ಒಕ್ಕಲುತನದ ಚರಿತ್ರೆಯಲ್ಲಿ ಒಂದು ದೊಡ್ಡ ಸಂಗತಿ.

ತಿಕೋಟಾ, ಬಬಲೇಶ್ವರಗಳ ಕಡೆಗೆ ಎರೆಭೂಮಿ ಹೆಚ್ಚು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿ ನೆಚ್ಚಬಹುದಾದದ್ದು ಸೆಪ್ಟೆಂಬರಿನದು. ಹಿಂಗಾರಿ ಜೋಳಕ್ಕೆ ಎರೆಯಲ್ಲಿ ಇಂಗಿದ ಹಸಿಯೇ ಬಂಡವಾಳ. ಅದು ಆರುವುದರೊಳಗೆ ಬಿತ್ತಿಗೆ ಮುಗಿಯಬೇಕು. ಈ ಅವಸರಕ್ಕೆ ನಮ್ಮ ಹಿರಿಯರು ಮಾಡಿಕೊಂಡ ಸಾಧನಗಳು ರಂಟೆ, ಕುಂಟೆ, ಕೂರಿಗೆ, ಎಡೆಕುಂಟೆ. ಬಡಿಗನು ಮರ ಕೆತ್ತಿ ಕಮ್ಮಾರನು ಕುಡ ಹಾಕಿ ಕೊಟ್ಟರೆ ಎತ್ತುಗಳು ಎಳೆಯುತ್ತಿದ್ದವು. ಕೂರಿಗೆಯ ಬಟ್ಟಲಿಗೆ ಹೆಣ್ಣುಮಕ್ಕಳು ಬಿಟ್ಟ ಕಾಳು ನಳಿಗೆಗಳಲ್ಲಿಳಿದು ಸಾಲು ಸೇರುತ್ತಿತ್ತು.

ಈ ಸಾಧನಗಳಿಗೆ ಬಗ್ಗದ ಶತ್ರು ಕರಿಕೆ. ಅದರ ಬೇರು ಮರದ ರಂಟೆಗೆ ನಿಲುಕದಷ್ಟು ಆಳಕ್ಕಿಳಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಹೆದರಿ, ಮೊದಮೊದಲು ಕೊಳ್ಳಲಿಲ್ಲವಂತೆ. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಬರಬರುತ್ತ ಆ ನೇಗಿಲು ಹೊಲಹೊಲಕ್ಕೂ ಬಂದಿತು. ಆದರೆ ಆಳವಾಗಿ ಉಳಲು ಹಲವು ಜೋಡಿ ಎತ್ತು ಬೇಕು. ಅಷ್ಟು ಎತ್ತು ಬಡವನ ಹಕ್ಕೆಯಲ್ಲಿ ಎಲ್ಲಿಯವು?

ಆಳದ ಬೇರಿನ ತೊಂದರೆ ನಮ್ಮದೊಂದೇ ಸೀಮೆಯದಲ್ಲ. ಮಧ್ಯಭಾರತದ ಕಡೆಗೆ ಕಾಸ್ ಎಂಬ ಹುಲ್ಲು ಹಬ್ಬಿ ಭೂಮಿ ಪಾಳುಬಿದ್ದಿತ್ತು. ಅದನ್ನು ಕೀಳಲು ಭಾರತ ಸರಕಾರವು 1947ರಲ್ಲಿ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯನ್ನು ಸ್ಥಾಪಿಸಿತು; 1949ರಲ್ಲಿ ವಿಶ್ವಬ್ಯಾಂಕು ಕೃಷಿಯಂತ್ರಗಳಿಗಾಗಿ 1 ಕೋಟಿ ಡಾಲರ್ ಸಾಲ ಕೊಟ್ಟಿತು. ನಮ್ಮ ದೇಶದಲ್ಲಿಯೇ ಟ್ರ್ಯಾಕ್ಟರ್ ತಯಾರಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ.

ಬರಿಯ ಎಳೆಯುವ ಬಲದಿಂದಲೇ ಟ್ರ್ಯಾಕ್ಟರು ಮನೆಯಾಳಾಗಲಿಲ್ಲ. ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯುಸನ್ ಎಂಬಾತ ಸಾಧನವನ್ನು ಹಿಂದೆ ಮೂರು ಕಡೆ ಸಿಕ್ಕಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಏರ್ಪಾಡು ಮಾಡಿದ. ಅಂಥ ಟ್ರ್ಯಾಕ್ಟರು 1936ರಲ್ಲಿ ಮಾರಾಟಕ್ಕೆ ಬಂದಿತು. ಹಿಂದುಗಡೆ ತಿರುಗುವ ದಂಡವೊಂದು ಇಂಜಿನ್ನಿನ ಬಲವನ್ನು ಬೇರೆ ಯಂತ್ರಕ್ಕೆ ದಾಟಿಸುತ್ತದೆ. ಹೀಗೆ ಒಂದೇ ಟ್ರ್ಯಾಕ್ಟರು ಬೆಳಿಗ್ಗೆ ಪಲ್ಟಿ ನೇಗಿಲು ಹೂಡಿ, ಮಧ್ಯಾಹ್ನ ಕುಂಟೆ ಹೊಡೆದು, ಸಂಜೆ ಟ್ರೇಲರಿನಲ್ಲಿ ಗೊಬ್ಬರ ಹೇರಬಲ್ಲದು. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಸಾಲುಗಳ ನಡುವೆ ನುಸುಳುವ ಸಣ್ಣ ಟ್ರ್ಯಾಕ್ಟರು ಔಷಧ ಸಿಂಪಡಿಸುತ್ತದೆ. ಸಾಧನ ಕಬ್ಬಿಣದ್ದಾದರೂ ಕುಂಟೆ, ಕೂರಿಗೆ ಎಂಬ ಹಳೆಯ ಹೆಸರುಗಳು ಅಳಿದಿಲ್ಲ ಎಂಬುದನ್ನು ಗಮನಿಸಿರಿ.

ಲಾಭದೊಡನೆ ನಷ್ಟವೂ ಉಂಟು. ರಾಶಿಯ ಯಂತ್ರ ಬಂದ ಮೇಲೆ ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗುವುದು ಅಪರೂಪವಾಯಿತು. ಅದರ ಜತೆಗಿದ್ದ ಹಂತಿಯ ಪದಗಳು ಕಣ ಬಿಟ್ಟು ವೇದಿಕೆ ಸೇರಿದವು. ಎತ್ತು ಕಡಿಮೆಯಾದಂತೆ ತಿಪ್ಪೆಯೂ ಸಣ್ಣದಾಯಿತು. ಎತ್ತು ಕಣಿಕೆ ತಿಂದು ಗೊಬ್ಬರ ಕೊಡುತ್ತಿತ್ತು. ಟ್ರ್ಯಾಕ್ಟರು ರೊಕ್ಕದ ಎಣ್ಣೆಯನ್ನೇ ಕೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸರದಿಯ ಪ್ರಶ್ನೆ. ನಾಲ್ಕೆಕರೆಯವನು ಟ್ರ್ಯಾಕ್ಟರು ಕೊಳ್ಳಲಾರ, ಬಾಡಿಗೆಗೆ ತರುತ್ತಾನೆ. ಹದ ಬಂದಾಗ ಎಲ್ಲರಿಗೂ ಒಂದೇ ದಿನ ಬೇಕು. ದೊಡ್ಡ ಹೊಲದ ಬಿತ್ತಿಗೆ ಮುಗಿಯುವುದರೊಳಗೆ ಸಣ್ಣ ಹೊಲದ ಹಸಿ ಆರಿರುತ್ತದೆ. ಕರ್ನಾಟಕ ಸರಕಾರವು 2014-15ರಲ್ಲಿ ಆರಂಭಿಸಿದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳ ಉದ್ದೇಶ ಈ ಕೊರತೆಯನ್ನು ತುಂಬುವುದೇ. ಯಂತ್ರ ಊರಿಗೆ ಬಂದರೆ ಸಾಲದು, ಸಕಾಲಕ್ಕೆ ಸಣ್ಣವನ ಹೊಲಕ್ಕೂ ಬರಬೇಕು. ತಮ್ಮ ತಾಟಿನ ಬಿಳಿಜೋಳದ ರೊಟ್ಟಿಯೂ ಆ ಕೆಲವು ದಿನಗಳನ್ನೇ ನಂಬಿದೆಯಲ್ಲವೆ?